ಗಾಂಜಾ ಮತ್ತು ಹದಿಹರೆಯ: ದಕ್ಷಿಣ ಬೆಂಗಳೂರಿನಲ್ಲಿ ಆರೋಗ್ಯ ಶಿಕ್ಷಣ

ಗಾಂಜಾ ದೇಹದಲ್ಲಿ, ಮಿದುಳಿನಲ್ಲಿ, ಓದಿನಲ್ಲಿ, ಬದುಕಿನಲ್ಲಿ ಏನು ಮಾಡುತ್ತದೆ ಎಂಬುದನ್ನು ಹದಿಹರೆಯದವರಿಗೆ ಅವರ ವಯಸ್ಸಿಗೆ ತಕ್ಕಂತೆ ತಿಳಿಸಿಕೊಡುವುದು, ಬೇಡ ಎನ್ನುವ ಶಕ್ತಿ ಬೆಳೆಸುವುದು, ಈಗಾಗಲೇ ಸೇದುತ್ತಿರುವವರಿಗೆ ಚಿಕಿತ್ಸೆಯ ದಾರಿ ತೋರಿಸುವುದು: ಈ ಮೂರೂ ಸೇರಿದ್ದು ಗಾಂಜಾ ಕುರಿತ ಆರೋಗ್ಯ ಶಿಕ್ಷಣ. ಕರ್ನಾಟಕದಲ್ಲಿ ಇದು ಬಹುಮಟ್ಟಿಗೆ ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಜಾಥಾ, ಪ್ರತಿಜ್ಞೆ, ಪೊಲೀಸ್ ಅಧಿಕಾರಿಗಳ ಭಾಷಣದ ರೂಪದಲ್ಲೇ ಮಕ್ಕಳನ್ನು ತಲುಪುತ್ತಿದೆ. ಆದರೆ ಯಾವ ಬಗೆಯ ಪಾಠ ಫಲಿಸುತ್ತದೆ, ಯಾವುದು ಫಲಿಸುವುದಿಲ್ಲ ಎಂಬ ಬಗ್ಗೆ ನಲವತ್ತು ವರ್ಷಗಳ ಸಂಶೋಧನೆ ಇದೆ. ಅದರಲ್ಲಿ ಬೆಂಗಳೂರಿನ ಪಾಲೂ ಇದೆ.

ಈ ವಿಷಯದಲ್ಲಿ ದಕ್ಷಿಣ ಬೆಂಗಳೂರು ವಿಶೇಷವಾದ ಪ್ರದೇಶ. 1948ರಲ್ಲಿ ಅಡಿಗಲ್ಲು ಕಂಡ ಜಯನಗರ, ಅದರ ಸುತ್ತ ಬೆಳೆದ ಜೆ.ಪಿ. ನಗರ, ಬನಶಂಕರಿ, ಬೈರಸಂದ್ರ–ತಾವರೆಕೆರೆ–ಮಡಿವಾಳಗಳ ನಡುವಿನ ಬಿಟಿಎಂ ಲೇಔಟ್ – ಇಲ್ಲಿ ಹೈಸ್ಕೂಲು, ಪಿಯು ಕಾಲೇಜು, ಎಂಜಿನಿಯರಿಂಗ್ ಕಾಲೇಜು, ಕೋಚಿಂಗ್ ಕೇಂದ್ರ, ಪಿಜಿಗಳು ಒತ್ತೊತ್ತಾಗಿವೆ. ಮನೆಯವರ ಕಣ್ಣಳತೆಯಿಂದ ಮೊದಲ ಬಾರಿಗೆ ಹೊರಬಂದ ಹದಿನೆಂಟು–ಇಪ್ಪತ್ತರ ಪ್ರಾಯದವರು ರಾಜ್ಯದ ಮೂಲೆಮೂಲೆಗಳಿಂದಲೂ ನೆರೆರಾಜ್ಯಗಳಿಂದಲೂ ಬಂದು ಇಲ್ಲಿ ನೆಲೆಸುತ್ತಾರೆ. ಇದೇ ಬಡಾವಣೆಗಳ ಅಂಚಿನಲ್ಲಿ, ಹೊಸೂರು ರಸ್ತೆಯಲ್ಲಿ, ದೇಶದ ಪ್ರಮುಖ ವ್ಯಸನ ಚಿಕಿತ್ಸಾ ಕೇಂದ್ರಗಳಲ್ಲೊಂದನ್ನು ಹೊಂದಿರುವ ನಿಮ್ಹಾನ್ಸ್ ಇದೆ.

ಗಿಡ, ಸೊಪ್ಪು, ರಾಳ

ಕ್ಯಾನಬಿಸ್ ಒಂದು ವರ್ಷದ ಆಯುಷ್ಯದ ಗಿಡ. ಅದರ ಎಲೆಯನ್ನು ಅರೆದರೆ ಭಂಗಿ, ಹೆಣ್ಣುಗಿಡದ ಹೂಗೊಂಚಲನ್ನು ಒಣಗಿಸಿದರೆ ಗಾಂಜಾ, ಗೊಂಚಲಿನ ಅಂಟನ್ನು ಉಜ್ಜಿ ತೆಗೆದರೆ ಚರಸ್. ಬೆಂಗಳೂರಿನ ಹುಡುಗರ ಬಾಯಲ್ಲಿ ಇದು ಸೊಪ್ಪು, ಸ್ಟಫ್, ಮಾಲ್, ವೀಡ್. ಸಾಮಾನ್ಯವಾಗಿ ಸಿಗರೇಟಿನ ತಂಬಾಕಿನೊಂದಿಗೆ ಬೆರೆಸಿ ಸುರುಳಿ ಮಾಡಿ ಸೇದುತ್ತಾರೆ. ಹೀಗಾಗಿ ಗಾಂಜಾ ಮಾತ್ರ ಸೇದುತ್ತೇನೆ ಎಂದುಕೊಂಡವರಿಗೂ ನಿಕೋಟಿನ್ ಚಟ ಅಂಟಿಕೊಳ್ಳುತ್ತದೆ.

ಗಿಡದಲ್ಲಿ ನೂರಕ್ಕೂ ಹೆಚ್ಚು ಕ್ಯಾನಬಿನಾಯ್ಡ್ ರಾಸಾಯನಿಕಗಳಿವೆ. ಅಮಲು ಏರಿಸುವುದು ಮುಖ್ಯವಾಗಿ ಟಿಎಚ್‌ಸಿ. ಇದನ್ನು 1964ರಲ್ಲಿ ಇಸ್ರೇಲಿನ ರಾಫೆಲ್ ಮೆಶುಲಮ್ ಮತ್ತು ಯೆಹಿಯೆಲ್ ಗಾವೋನಿ ಶುದ್ಧರೂಪದಲ್ಲಿ ಬೇರ್ಪಡಿಸಿದರು. ಸಿಬಿಡಿ ಎಂಬ ಇನ್ನೊಂದು ರಾಸಾಯನಿಕಕ್ಕೆ ಅಮಲಿನ ಗುಣವಿಲ್ಲ. ತಳಿ ಆಯ್ಕೆ ಮತ್ತು ಒಳಾಂಗಣ ಕೃಷಿಯಿಂದ ಟಿಎಚ್‌ಸಿ ಪ್ರಮಾಣ ಏರುತ್ತಲೇ ಬಂದಿದೆ. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದಲ್ಲಿ ಅದು 1995ರಲ್ಲಿ ಸುಮಾರು ಶೇ 4 ಇತ್ತು; 2014ರ ಹೊತ್ತಿಗೆ ಸುಮಾರು ಶೇ 12 ಆಯಿತು. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದವರ ಬ್ಯಾಗುಗಳಲ್ಲಿ ಈಚಿನ ವರ್ಷಗಳಲ್ಲಿ ಪದೇ ಪದೇ ಸಿಗುತ್ತಿರುವ ‘ಹೈಡ್ರೋ ಗಾಂಜಾ’ ಮಣ್ಣಿಲ್ಲದೆ, ಪೋಷಕಾಂಶ ಬೆರೆಸಿದ ನೀರಿನಲ್ಲಿ ಬೆಳೆದದ್ದು. ಸಾಮಾನ್ಯವಾಗಿ ಇದು ತೀವ್ರತೆ ಹೆಚ್ಚಿರುವ ಬಗೆ. ‘ನಮ್ಮ ತಾತನೂ ಸೇದುತ್ತಿದ್ದರು, ಏನೂ ಆಗಲಿಲ್ಲ’ ಎಂಬ ವಾದಕ್ಕೆ ತರಗತಿಯಲ್ಲಿ ಕೊಡಬೇಕಾದ ಮೊದಲ ಉತ್ತರವೇ ಟಿಎಚ್‌ಸಿ ಏರಿಕೆಯ ಈ ಅಂಕಿ.

ಕರ್ನಾಟಕದ ಹಿನ್ನೆಲೆ

ಭಂಗಿ ಕನ್ನಡ ನಾಡಿಗೆ ಹೊಸದಲ್ಲ. ಅವಧೂತ, ಆರೂಢ ಪರಂಪರೆಗಳ ಕೆಲವು ಸಾಧಕರಲ್ಲಿ ಅದರ ಬಳಕೆ ಇತ್ತು. ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರ ಜಾತ್ರೆಯಲ್ಲಿ ಗಾಂಜಾವನ್ನು ಪ್ರಸಾದವೆಂದು ಭಾವಿಸುವ ಭಕ್ತರಿರುವುದು 2020ರಲ್ಲಿ ಪತ್ರಿಕೆಗಳಲ್ಲಿ ವರದಿಯಾಯಿತು. ಆಯುರ್ವೇದ ಗ್ರಂಥಗಳಲ್ಲಿ ಈ ಗಿಡಕ್ಕೆ ವಿಜಯಾ ಎಂಬ ಹೆಸರಿದೆ. ಶುದ್ಧಿ ಮಾಡಿ, ಅಳತೆಯಲ್ಲಿ, ನಿರ್ದಿಷ್ಟ ಕಾಯಿಲೆಗಳಿಗೆ ಬಳಸುವ ಕ್ರಮವನ್ನು ಅವು ಹೇಳುತ್ತವೆ. ಪಿಜಿಯ ತಾರಸಿಯ ಮೇಲೆ ಹದಿನೇಳರ ಹುಡುಗ ಸೇದುವುದಕ್ಕೆ ಈ ಎರಡೂ ಸಮರ್ಥನೆಯಾಗುವುದಿಲ್ಲ. ಆದರೆ ಮಕ್ಕಳು ಇವುಗಳ ಬಗ್ಗೆ ಪ್ರಶ್ನೆ ಕೇಳಿಯೇ ಕೇಳುತ್ತಾರೆ. ಪಾಠ ಮಾಡುವವರಿಗೆ ಉತ್ತರ ಗೊತ್ತಿರಬೇಕು.

ಬ್ರಿಟಿಷ್ ಸರ್ಕಾರ 1893–94ರಲ್ಲಿ ನೇಮಿಸಿದ್ದ ಭಾರತೀಯ ಹೆಂಪ್ ಡ್ರಗ್ಸ್ ಆಯೋಗ ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ವಿಚಾರಿಸಿ ಏಳು ಸಂಪುಟಗಳ ವರದಿ ಕೊಟ್ಟಿತು. ಮಿತ ಬಳಕೆಯಿಂದ ಗಣನೀಯ ಹಾನಿಯಿಲ್ಲ, ಅತಿ ಬಳಕೆಯಿಂದ ದೇಹಕ್ಕೂ ಮನಸ್ಸಿಗೂ ಕೇಡು, ಮೊದಲೇ ದುರ್ಬಲವಾಗಿದ್ದ ಮನಸ್ಸಿಗೆ ಇನ್ನೂ ಹೆಚ್ಚು ಎಂಬುದು ಅದರ ಸಾರ. ಗಾಂಜಾ ಪರ ವಾದಿಸುವವರು ಈ ವರದಿಯ ಮೊದಲರ್ಧವನ್ನಷ್ಟೇ ಎತ್ತಿಕೊಳ್ಳುವುದು ವಾಡಿಕೆ.

ಇಂದಿನ ಪೂರೈಕೆಯ ಚಿತ್ರ ಬೇರೆ. ಕೊಳ್ಳೇಗಾಲ, ಹನೂರಿನ ಕಡೆ ಇತರ ಬೆಳೆಗಳ ನಡುವೆ ಬೆಳೆದ ಗಿಡಗಳನ್ನು ಕಿತ್ತ ಸುದ್ದಿ ಆಗಾಗ ಬರುತ್ತದೆ; ಆದರೆ ಬೆಂಗಳೂರಿಗೆ ಬರುವ ಹೆಚ್ಚಿನ ಸರಕು ಆಂಧ್ರ–ಒಡಿಶಾ ಗಡಿಯ ಗುಡ್ಡಗಾಡಿನದು. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ಪೊಲೀಸರು ಕಲಬುರಗಿ ಜಿಲ್ಲೆಯ ಕಾಳಗಿ ಸಮೀಪದ ಕುರಿ ಫಾರಂ ಒಂದರ ನೆಲದಡಿ ಅಡಗಿಸಿದ್ದ ಸುಮಾರು 1,350 ಕಿಲೊ ಗಾಂಜಾ ಹಿಡಿದರು. ನಗರದಲ್ಲಿ ಸಿಕ್ಕಿಬಿದ್ದ ಸಣ್ಣ ಮಾರಾಟಗಾರನ ಜಾಡು ಅಲ್ಲಿಯವರೆಗೆ ಕರೆದೊಯ್ದಿತ್ತು.

ಎಷ್ಟು ಮಂದಿ?

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ 2018ರಲ್ಲಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಈ ಬಗ್ಗೆ ದೇಶದಲ್ಲಿರುವ ದೊಡ್ಡ ಆಧಾರ. ಅದರಂತೆ 10ರಿಂದ 75 ವರ್ಷದವರಲ್ಲಿ ಶೇ 2.8ರಷ್ಟು, ಅಂದರೆ ಸುಮಾರು 3.1 ಕೋಟಿ ಜನ, ಹಿಂದಿನ ಒಂದು ವರ್ಷದಲ್ಲಿ ಭಂಗಿ, ಗಾಂಜಾ ಅಥವಾ ಚರಸ್ ಬಳಸಿದ್ದರು. ಅವರಲ್ಲಿ ಸುಮಾರು 72 ಲಕ್ಷ ಮಂದಿಗೆ ಅದರಿಂದ ತೊಂದರೆ ಆಗುತ್ತಿತ್ತು. 10ರಿಂದ 17ರ ವಯಸ್ಸಿನವರಲ್ಲಿ ಬಳಕೆಯ ಪ್ರಮಾಣ ಶೇ 0.9, ಲೆಕ್ಕದಲ್ಲಿ ಸುಮಾರು 20 ಲಕ್ಷ ಮಕ್ಕಳು.

ಇದೇ ಅಂಕಿಯನ್ನು ತಿರುಗಿಸಿ ಓದಿದರೆ ಅದೇ ಒಂದು ಪಾಠ. ‘ಎಲ್ಲರೂ ಸೇದ್ತಾರೆ’ ಎಂಬ ನಂಬಿಕೆ ಹದಿಹರೆಯದವರನ್ನು ಗಾಂಜಾದತ್ತ ತಳ್ಳುವ ಬಲವಾದ ಕಾರಣಗಳಲ್ಲೊಂದು. ದೇಶದ ಮಟ್ಟದಲ್ಲಿ ನೂರಕ್ಕೆ 97 ಮಂದಿ ವರ್ಷದಲ್ಲಿ ಒಮ್ಮೆಯೂ ಮುಟ್ಟಿಲ್ಲ, ಹದಿನೆಂಟರ ಒಳಗಿನವರಲ್ಲಿ 99 ಮಂದಿ ಮುಟ್ಟಿಲ್ಲ. ನಗರದ ಕಾಲೇಜು ಗುಂಪುಗಳಲ್ಲಿ ಈ ಸರಾಸರಿ ಏರಬಹುದು. ಆದರೂ ಸೇದದವರೇ ಬಹುಸಂಖ್ಯಾತರು ಎಂಬ ಮಾತು ಬದಲಾಗುವುದಿಲ್ಲ.

ಸಮೀಕ್ಷೆಯ ಇನ್ನೊಂದು ಸಂಗತಿಯನ್ನು ಮರೆಯುವಂತಿಲ್ಲ. ವೈಟ್‌ನರ್, ಸೊಲ್ಯೂಷನ್‌ನಂತಹ ಮೂಸುವ ವಸ್ತುಗಳ ಬಳಕೆ ಮಕ್ಕಳಲ್ಲಿ ಶೇ 1.17, ವಯಸ್ಕರಲ್ಲಿ ಶೇ 0.58. ಇದೊಂದರಲ್ಲಿ ಮಾತ್ರ ಮಕ್ಕಳು ದೊಡ್ಡವರಿಗಿಂತ ಮುಂದಿದ್ದಾರೆ. ಗಾಂಜಾ ಒಂದನ್ನೇ ಹೆಸರಿಸಿ ಪಾಠ ಮುಗಿಸಿದರೆ ಶಾಲೆ ಬಿಟ್ಟ, ಬೀದಿಯಲ್ಲಿ ದುಡಿಯುವ ಮಕ್ಕಳ ಸಮಸ್ಯೆ ಹಾಗೇ ಉಳಿಯುತ್ತದೆ.

ದೇಹದಲ್ಲಿ ಏನಾಗುತ್ತದೆ

ಸೇದಿದ ಗಾಂಜಾದ ಪರಿಣಾಮ ನಿಮಿಷಗಳಲ್ಲಿ ಶುರುವಾಗಿ ಒಂದರಿಂದ ಮೂರು ಗಂಟೆ ಇರುತ್ತದೆ. ಹೃದಯ ಬಡಿತ ಏರುತ್ತದೆ, ಕಣ್ಣು ಕೆಂಪಾಗುತ್ತದೆ, ಬಾಯಿ ಒಣಗುತ್ತದೆ, ಹಸಿವು ಹೆಚ್ಚುತ್ತದೆ, ಹೊತ್ತು ನಿಧಾನವಾಗಿ ಸರಿದಂತೆ ಅನಿಸುತ್ತದೆ. ಈಗ ಕೇಳಿದ್ದನ್ನು ನೆನಪಿಟ್ಟುಕೊಳ್ಳುವ ಶಕ್ತಿ, ಗಮನ, ಅಪಾಯಕ್ಕೆ ತಕ್ಷಣ ಸ್ಪಂದಿಸುವ ವೇಗ ಮೂರೂ ಕುಗ್ಗುತ್ತವೆ. ಕೆಲವರಿಗೆ ನೆಮ್ಮದಿಯ ಬದಲು ವಿಪರೀತ ಭಯ, ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂಬ ಅನುಮಾನ ಹುಟ್ಟುತ್ತದೆ.

ತಿಂದರೆ ಲೆಕ್ಕ ಬೇರೆ. ಭಂಗಿ ಬೆರೆಸಿದ ತಿನಿಸಿನ ಪರಿಣಾಮ ಅರ್ಧ ಗಂಟೆಯಿಂದ ಎರಡು ಗಂಟೆ ತಡವಾಗಿ ಬರುತ್ತದೆ, ಬಂದರೆ ಆರೇಳು ಗಂಟೆ ಬಿಡುವುದಿಲ್ಲ. ‘ಏನೂ ಆಗಲಿಲ್ಲ’ ಎಂದು ಇನ್ನೊಂದು ತುಂಡು ತಿಂದವರು ಆಸ್ಪತ್ರೆ ಸೇರುವುದು ಈ ಕಾರಣಕ್ಕೆ. 2023ರಲ್ಲಿ ಮಂಗಳೂರು ಪೊಲೀಸರು ಅಂಗಡಿಗಳಲ್ಲಿ ಮಾರುತ್ತಿದ್ದ ಭಂಗಿ ಚಾಕೊಲೇಟ್‌ಗಳನ್ನು ವಶಪಡಿಸಿಕೊಂಡರು. ಬಣ್ಣದ ಹೊದಿಕೆಯ ಅಂತಹ ತಿನಿಸು ಚಿಕ್ಕ ಮಕ್ಕಳ ಕೈಗೆ ಸಿಗುವ ಅಪಾಯವೂ ಇದೆ.

ಟಿಎಚ್‌ಸಿ ಕೆಲಸ ಮಾಡುವುದು ಮಿದುಳಿನ ಸಿಬಿ1 ಗ್ರಾಹಕಗಳ ಮೂಲಕ. ನೆನಪಿನ ಕೇಂದ್ರವಾದ ಹಿಪೊಕ್ಯಾಂಪಸ್, ಚಲನೆಯನ್ನು ಹದದಲ್ಲಿಡುವ ಅನುಮಸ್ತಿಷ್ಕ, ಸಂತೋಷದ ಅನುಭವಕ್ಕೆ ಸಂಬಂಧಿಸಿದ ಭಾಗಗಳಲ್ಲಿ ಇವು ಹೆಚ್ಚಿವೆ. ಉಸಿರಾಟವನ್ನು ನಡೆಸುವ ಮಿದುಳಕಾಂಡದಲ್ಲಿ ಕಡಿಮೆ; ಹಾಗಾಗಿ ಹೆರಾಯಿನ್‌ನಂತೆ ಉಸಿರು ನಿಂತು ಸಾಯುವ ಪ್ರಸಂಗ ಗಾಂಜಾದಲ್ಲಿ ತೀರಾ ವಿರಳ. ಇದನ್ನು ಮುಚ್ಚಿಟ್ಟು ‘ಒಂದೇ ದಮ್, ಸಾವು ಖಚಿತ’ ಎಂದು ಹೆದರಿಸಿದರೆ, ದಮ್ ಎಳೆದೂ ಬದುಕಿರುವ ಸ್ನೇಹಿತನನ್ನು ಕಂಡ ವಿದ್ಯಾರ್ಥಿ ಉಳಿದ ನಿಜಗಳನ್ನೂ ನಂಬುವುದಿಲ್ಲ.

ಮುಖ್ಯ ಪ್ರಶ್ನೆ ವಯಸ್ಸಿನದು. ಯೋಜನೆ, ಸಂಯಮ, ಪರಿಣಾಮದ ಅಂದಾಜು ಇವುಗಳನ್ನು ನೋಡಿಕೊಳ್ಳುವ ಮಿದುಳಿನ ಮುಂಭಾಗ ಇಪ್ಪತ್ತೈದರ ಹೊತ್ತಿಗೆ ಪಕ್ವವಾಗುತ್ತದೆ. ನ್ಯೂಜಿಲೆಂಡಿನ ಡನೆಡಿನ್‌ನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಂದಿಯನ್ನು ಹುಟ್ಟಿನಿಂದ ಹಿಂಬಾಲಿಸಿದ ಅಧ್ಯಯನ, ಹದಿಹರೆಯದಲ್ಲೇ ಆರಂಭಿಸಿ ದಶಕಗಳ ಕಾಲ ಬಿಡದವರಲ್ಲಿ ಬುದ್ಧಿಸೂಚ್ಯಂಕ ಎಂಟು ಅಂಕಗಳವರೆಗೆ ಇಳಿದದ್ದನ್ನು 2012ರಲ್ಲಿ ವರದಿ ಮಾಡಿತು. ಅವಳಿ ಮಕ್ಕಳನ್ನು ಹೋಲಿಸಿದ 2016ರ ಅಮೆರಿಕದ ಅಧ್ಯಯನಕ್ಕೆ ಗಾಂಜಾವೇ ನೇರ ಕಾರಣ ಎನ್ನಲು ಆಧಾರ ಸಿಗಲಿಲ್ಲ. ಮನೆಯ ಪರಿಸರ, ಇತರ ಅಭ್ಯಾಸಗಳ ಪಾಲೂ ಇರಬಹುದು ಎಂದಿತು. ಈ ಭಿನ್ನಾಭಿಪ್ರಾಯವನ್ನೂ ಪಿಯು ವಿದ್ಯಾರ್ಥಿಗಳ ಮುಂದಿಡಬಹುದು. ವಾರಕ್ಕೆ ಹಲವು ಬಾರಿ ಸೇದುವವರ ನೆನಪು, ಗಮನ ಆ ಅವಧಿಯಲ್ಲಿ ಮಂಕಾಗುತ್ತವೆ ಎಂಬುದರಲ್ಲಿ ಎರಡು ಮಾತಿಲ್ಲ. ಸಿಇಟಿ, ನೀಟ್‌ಗೆ ಓದುವವರಿಗೆ ನಾಟುವ ಸಂಗತಿಯೂ ಇದೇ.

ಮನೋರೋಗದ ನಂಟು ಇನ್ನೂ ಗಂಭೀರ. 1969–70ರಲ್ಲಿ ಸೇನೆಗೆ ಆಯ್ಕೆಯಾದ 45,570 ಸ್ವೀಡಿಷ್ ಯುವಕರ ಅಧ್ಯಯನ 1987ರಲ್ಲಿ ಪ್ರಕಟವಾಯಿತು. ಐವತ್ತಕ್ಕೂ ಹೆಚ್ಚು ಬಾರಿ ಗಾಂಜಾ ಬಳಸಿದ್ದವರಲ್ಲಿ ಸ್ಕಿಜೋಫ್ರೇನಿಯಾ ಬರುವ ಸಂಭವ ಆರು ಪಟ್ಟು ಇತ್ತು. ಯುರೋಪ್ ಮತ್ತು ಬ್ರೆಜಿಲ್‌ನ 11 ಸ್ಥಳಗಳಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಂತೆ, ಟಿಎಚ್‌ಸಿ ಶೇ 10ಕ್ಕಿಂತ ಹೆಚ್ಚಿರುವ ಗಾಂಜಾವನ್ನು ದಿನವೂ ಸೇದುವವರಿಗೆ, ಎಂದೂ ಸೇದದವರಿಗಿಂತ, ಇಲ್ಲದ ದನಿ ಕೇಳುವ, ವಾಸ್ತವದ ಅರಿವು ತಪ್ಪುವ ಕಾಯಿಲೆಯ ಸಂಭವ ಸುಮಾರು ಐದು ಪಟ್ಟು. ಸ್ಕಿಜೋಫ್ರೇನಿಯಾ ನೂರರಲ್ಲಿ ಒಬ್ಬರಿಗೆ ಬರುವ ಕಾಯಿಲೆ. ಸೇದುವ ಬಹುತೇಕರಿಗೆ ಅದು ಬರುವುದಿಲ್ಲ. ಆದರೆ ಮನೆಯಲ್ಲಿ ಯಾರಿಗಾದರೂ ಇಂತಹ ಕಾಯಿಲೆ ಇದ್ದರೆ, ಹದಿನೈದು–ಹದಿನಾರಕ್ಕೇ ಶುರು ಮಾಡಿದರೆ, ದಿನವೂ ಸೇದಿದರೆ ಅಪಾಯ ಏರುತ್ತಾ ಹೋಗುತ್ತದೆ. ತನ್ನ ಕುಟುಂಬದಲ್ಲಿ ಇಂತಹ ಕಾಯಿಲೆ ಇದೆಯೇ ಎಂಬುದು ಅನೇಕ ಮಕ್ಕಳಿಗೆ ಗೊತ್ತಿರುವುದಿಲ್ಲ, ಏಕೆಂದರೆ ಮನೆಗಳಲ್ಲಿ ಅದನ್ನು ಹೇಳುವುದಿಲ್ಲ.

ಗಾಂಜಾಕ್ಕೆ ಚಟ ಹತ್ತುವುದಿಲ್ಲ ಎಂಬ ಮಾತು ಸುಳ್ಳು. ಬಳಸಿದವರಲ್ಲಿ ಸುಮಾರು ಶೇ 9 ಮಂದಿ ಅವಲಂಬಿತರಾಗುತ್ತಾರೆ; ಹದಿಹರೆಯದಲ್ಲಿ ಆರಂಭಿಸಿದವರಲ್ಲಿ ಆರರಲ್ಲಿ ಒಬ್ಬರು. ದಿನವೂ ಸೇದುವವರು ಬಿಟ್ಟಾಗ ಒಂದೆರಡು ದಿನಗಳಲ್ಲಿ ಸಿಡುಕು, ನಿದ್ರಾಹೀನತೆ, ಹಸಿವಿಲ್ಲದಿರುವುದು, ಕೆಟ್ಟ ಕನಸು ಶುರುವಾಗಿ ಮೊದಲ ವಾರದಲ್ಲಿ ಏರಿ, ಹೆಚ್ಚಿನವರಲ್ಲಿ ಎರಡು ವಾರದಲ್ಲಿ ಇಳಿಯುತ್ತವೆ.

ದೀರ್ಘಕಾಲ ಸೇದುವವರಲ್ಲಿ ಕಫ, ಕೆಮ್ಮು ಸಾಮಾನ್ಯ. ಗರ್ಭಿಣಿಯರು ಸೇದಿದರೆ ಮಗುವಿನ ಜನನ ತೂಕ ಕಡಿಮೆಯಾಗಬಹುದು. 2004ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ವೈದ್ಯರು ಮೊದಲು ವಿವರಿಸಿದ ವಿಚಿತ್ರ ತೊಂದರೆಯೊಂದೂ ಇದೆ: ವರ್ಷಗಟ್ಟಲೆ ಸೇದಿದವರಿಗೆ ಮತ್ತೆ ಮತ್ತೆ ತಡೆಯಲಾಗದ ವಾಂತಿ, ಹೊಟ್ಟೆನೋವು. ಬಿಸಿನೀರಿನ ಸ್ನಾನ ಮಾಡಿದಷ್ಟು ಹೊತ್ತು ಸಮಾಧಾನ, ಗಾಂಜಾ ಬಿಟ್ಟರಷ್ಟೇ ಪೂರ್ತಿ ಗುಣ. ಸೇದುವ ವಿಷಯ ಮುಚ್ಚಿಟ್ಟ ರೋಗಿ ಇದಕ್ಕೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಾನೆ.

ಔಷಧವಾಗಿ ಗಾಂಜಾ ಕುರಿತೂ ಹೇಳಬೇಕು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳ 2017ರ ವರದಿ, ವಯಸ್ಕರ ದೀರ್ಘಕಾಲದ ನೋವು ಹಾಗೂ ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ವಾಕರಿಕೆಗೆ ಇದರಿಂದ ಉಪಯೋಗವಿದೆ ಎಂದು ಒಪ್ಪಿತು. ಮಕ್ಕಳ ಎರಡು ಬಗೆಯ ತೀವ್ರ ಮೂರ್ಛೆರೋಗಕ್ಕೆ ಶುದ್ಧ ಸಿಬಿಡಿ ಔಷಧಕ್ಕೆ 2018ರಲ್ಲಿ ಆ ದೇಶದಲ್ಲಿ ಅನುಮತಿ ಸಿಕ್ಕಿತು. ವೈದ್ಯರು ಅಳೆದು ಕೊಡುವ ಆ ಔಷಧಕ್ಕೂ ಪಟ್ಟಣದಲ್ಲಿ ಸಿಗುವ ಪೊಟ್ಟಣಕ್ಕೂ ಹೆಸರು ಬಿಟ್ಟರೆ ಹೋಲಿಕೆ ಕಡಿಮೆ.

ಕಾನೂನು: ಮಕ್ಕಳಿಗೆ ಗೊತ್ತಿರಬೇಕಾದಷ್ಟು

ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಆ ವರ್ಷದ ನವೆಂಬರ್ 14ರಂದು ಜಾರಿಗೆ ಬಂತು. ಗಾಂಜಾ, ಚರಸ್ ಎರಡನ್ನೂ ಇಟ್ಟುಕೊಳ್ಳುವುದು, ಮಾರುವುದು, ಸಾಗಿಸುವುದು, ಸೇದುವುದು ಅಪರಾಧ. ಒಂದು ಕಿಲೊವರೆಗಿನ ಗಾಂಜಾ ‘ಸಣ್ಣ ಪ್ರಮಾಣ’. ಅದಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ, ಹತ್ತು ಸಾವಿರ ರೂಪಾಯಿವರೆಗೆ ದಂಡ ಅಥವಾ ಎರಡೂ. ಇಪ್ಪತ್ತು ಕಿಲೊಗೂ ಮೀರಿದರೆ ‘ವಾಣಿಜ್ಯ ಪ್ರಮಾಣ’. ಕನಿಷ್ಠ ಹತ್ತು ವರ್ಷ ಸಜೆ. ಸ್ನೇಹಿತನಿಗಾಗಿ ಪೊಟ್ಟಣ ಇಟ್ಟುಕೊಂಡಿದ್ದೆ ಎನ್ನುವುದು ರಕ್ಷಣೆಯಾಗುವುದಿಲ್ಲ.

ಎಲೆ, ಬೀಜಗಳು ಹೂಗೊಂಚಲಿನೊಂದಿಗೆ ಇಲ್ಲದಿದ್ದರೆ ಕಾಯ್ದೆಯ ‘ಗಾಂಜಾ’ ವ್ಯಾಖ್ಯೆಗೆ ಸೇರುವುದಿಲ್ಲ. ಈ ಅಂಶ ದಕ್ಷಿಣ ಬೆಂಗಳೂರಿನದೇ ಪ್ರಕರಣದಲ್ಲಿ ಚರ್ಚೆಗೆ ಬಂತು. 2022ರ ಜೂನ್‌ನಲ್ಲಿ ಬೇಗೂರು ಪೊಲೀಸರು 29 ಕಿಲೊ ಭಂಗಿ ಮತ್ತು 400 ಗ್ರಾಂ ಗಾಂಜಾದೊಂದಿಗೆ ಒಬ್ಬರನ್ನು ಬಂಧಿಸಿದ್ದರು. ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ನಟರಾಜನ್, ಭಂಗಿ ಎನ್‌ಡಿಪಿಎಸ್ ಕಾಯ್ದೆಯಡಿ ನಿಷೇಧಿತ ಪಾನೀಯ ಎನ್ನಲು ಆಧಾರವಿಲ್ಲ ಎಂದು ಹೇಳಿ ಜಾಮೀನು ಕೊಟ್ಟರು. ಈ ಸುದ್ದಿ ಕೆಲವರ ಮೊಬೈಲಿನಲ್ಲಿ ‘ಭಂಗಿಗೆ ಹೈಕೋರ್ಟ್ ಅಸ್ತು’ ಎಂಬ ಅರ್ಥ ಪಡೆಯುವುದು ಸುಲಭ. ನ್ಯಾಯಾಲಯ ನೋಡಿದ್ದು ಕಾಯ್ದೆಯ ಪದಗಳನ್ನು. ಭಂಗಿಯ ಆರೋಗ್ಯ ಪರಿಣಾಮದ ಬಗ್ಗೆ ತೀರ್ಪು ಕೊಡಲಿಲ್ಲ.

2015ರ ಬಾಲನ್ಯಾಯ ಕಾಯ್ದೆಯಂತೆ ಮಗುವಿಗೆ ಮಾದಕ ವಸ್ತು ಕೊಡುವವರಿಗೂ, ಮಗುವಿನ ಕೈಯಲ್ಲಿ ಮಾರಿಸುವ, ಸಾಗಿಸುವವರಿಗೂ ಏಳು ವರ್ಷದವರೆಗೆ ಸಜೆ ಇದೆ. ಅಮಲಿನಲ್ಲಿ ವಾಹನ ಓಡಿಸುವುದನ್ನು ಶಿಕ್ಷಿಸುವ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಮದ್ಯದ ಜತೆ ಮಾದಕ ವಸ್ತುವಿಗೂ ಅನ್ವಯಿಸುತ್ತದೆ. ಸಂಚಾರ ಪೊಲೀಸರ ಊದುವ ಯಂತ್ರ ಗಾಂಜಾ ಹಿಡಿಯುವುದಿಲ್ಲ ಎಂದು ನಂಬಿ ಬೈಕ್ ಹತ್ತುವವರಿಗೆ ಇದು ಗೊತ್ತಿರುವುದಿಲ್ಲ. ಮೂತ್ರ ಪರೀಕ್ಷೆಯಲ್ಲಂತೂ ಒಮ್ಮೆ ಸೇದಿದ್ದರೆ ಸುಮಾರು ಮೂರು ದಿನ, ಸದಾ ಸೇದುವವರಲ್ಲಿ ತಿಂಗಳವರೆಗೆ ಕುರುಹು ಸಿಗುತ್ತದೆ.

ಪಾಠಗಳಲ್ಲಿ ವಿರಳವಾಗಿ ಬರುವ ಇನ್ನೊಂದು ಭಾಗ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ. ಸಣ್ಣ ಪ್ರಮಾಣದ ಅಥವಾ ಸೇವನೆಯ ಆರೋಪವಿರುವ ವ್ಯಸನಿ ತಾನಾಗಿ ಚಿಕಿತ್ಸೆಗೆ ಮುಂದೆ ಬಂದು ಅದನ್ನು ಪೂರೈಸಿದರೆ ಮೊಕದ್ದಮೆಯಿಂದ ವಿನಾಯಿತಿ ಪಡೆಯಲು ಅದು ಅವಕಾಶ ಕೊಡುತ್ತದೆ.

ಯಾವ ಪಾಠ ಫಲಿಸುತ್ತದೆ

1983ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ಶಾಲೆಗಳಲ್ಲಿ ಆರಂಭಿಸಿದ ‘ಡೇರ್’ ಕಾರ್ಯಕ್ರಮ ಜಗತ್ತಿನಲ್ಲೇ ಹೆಚ್ಚು ಹರಡಿದ ಮಾದಕ ವಸ್ತು ಶಿಕ್ಷಣ. ಸಮವಸ್ತ್ರದ ಪೊಲೀಸರು ತರಗತಿಗೆ ಬಂದು ಪಾಠ ಮಾಡುತ್ತಿದ್ದರು. ಪೋಷಕರಿಗೆ, ಶಿಕ್ಷಕರಿಗೆ, ಪೊಲೀಸರಿಗೆ ಎಲ್ಲರಿಗೂ ಅದು ಇಷ್ಟವಾಯಿತು. 1994ರಲ್ಲಿ ಅದರ ಮೌಲ್ಯಮಾಪನಗಳನ್ನು ಒಟ್ಟುಗೂಡಿಸಿ ನೋಡಿದಾಗ ಮಕ್ಕಳ ಮಾದಕ ವಸ್ತು ಬಳಕೆಯಲ್ಲಿ ಗಣನೀಯ ವ್ಯತ್ಯಾಸವೇ ಕಾಣಲಿಲ್ಲ. ಕೊನೆಗೆ 2009ರಲ್ಲಿ ಅದು ತನ್ನ ಪಠ್ಯವನ್ನೇ ಬದಲಿಸಿಕೊಂಡಿತು.

ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಪ್ರಕಟಿಸಿ, 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೊಂದಿಗೆ ಪರಿಷ್ಕರಿಸಿದ ತಡೆ ಶಿಕ್ಷಣದ ಮಾನದಂಡಗಳೂ ಇದನ್ನೇ ಹೇಳುತ್ತವೆ. ಬರೀ ಮಾಹಿತಿ ಕೊಡುವುದು, ಹೆದರಿಸುವುದು, ಒಂದೇ ದಿನದ ಭಾಷಣ, ಮಾಜಿ ವ್ಯಸನಿಯ ಕಣ್ಣೀರಿನ ಕಥೆ – ಇವು ಫಲಿಸಿದ್ದಕ್ಕೆ ಪುರಾವೆ ಇಲ್ಲ. ಹಲವು ವಾರ ನಡೆಯುವ, ಮಕ್ಕಳೇ ಮಾತಾಡುವ, ಅಭಿನಯಿಸಿ ಅಭ್ಯಾಸ ಮಾಡುವ, ತರಬೇತಿ ಪಡೆದ ಶಿಕ್ಷಕರು ನಡೆಸುವ ಪಾಠಗಳಿಗೆ ಪುರಾವೆ ಇದೆ.

ಮಾಹಿತಿ ಒಂದೇ ಸಾಲದು ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಗಳಿವೆ. 2023ರ ಜನವರಿಯಲ್ಲಿ ಮಂಗಳೂರಿನಲ್ಲಿ ಗಾಂಜಾ ಪ್ರಕರಣದಲ್ಲಿ ಬಂಧಿತರಾದವರಲ್ಲಿ ವೈದ್ಯರೂ ವೈದ್ಯ ವಿದ್ಯಾರ್ಥಿಗಳೂ ಇದ್ದರು. ಅದೇ ವರ್ಷದ ಜೂನ್‌ನಲ್ಲಿ ಶಿವಮೊಗ್ಗದ ಬಾಡಿಗೆ ಮನೆಯೊಂದರಲ್ಲಿ ಗಾಂಜಾ ಬೆಳೆಸುತ್ತಿದ್ದ ಆರೋಪದಲ್ಲಿ ಸಿಕ್ಕವರೂ ವೈದ್ಯ ವಿದ್ಯಾರ್ಥಿಗಳು. ಮಿದುಳಿನ ಮೇಲೆ ಟಿಎಚ್‌ಸಿ ಏನು ಮಾಡುತ್ತದೆಂದು ಅವರಿಗಿಂತ ಚೆನ್ನಾಗಿ ಯಾರು ಓದಿರುತ್ತಾರೆ?

ನಿಮ್ಹಾನ್ಸ್‌ನ ಶ್ರೀಕಲಾ ಭರತ್ ಮತ್ತು ಕೆ.ವಿ. ಕಿಶೋರ್ ಕುಮಾರ್ ರೂಪಿಸಿದ ಜೀವನ ಕೌಶಲ ಶಿಕ್ಷಣದ ಮಾದರಿ ಈ ದಾರಿಯದು. ವಿಶ್ವ ಆರೋಗ್ಯ ಸಂಸ್ಥೆ ಪಟ್ಟಿ ಮಾಡಿದ ಹತ್ತು ಕೌಶಲಗಳು – ನಿರ್ಧಾರ ಮಾಡುವುದು, ಸಮಸ್ಯೆ ಬಿಡಿಸುವುದು, ವಿಮರ್ಶೆಯಿಂದ ಯೋಚಿಸುವುದು, ಒತ್ತಡ ಮತ್ತು ಭಾವನೆಗಳನ್ನು ನಿಭಾಯಿಸುವುದು ಮುಂತಾದವು – ಇದರ ಬುನಾದಿ. ಹೊರಗಿನ ತಜ್ಞರ ಬದಲು ಹೈಸ್ಕೂಲಿನ ಶಿಕ್ಷಕರೇ ತರಬೇತಿ ಪಡೆದು, ಚಟುವಟಿಕೆ, ಚರ್ಚೆ, ಪಾತ್ರಾಭಿನಯದ ಮೂಲಕ ತರಗತಿ ನಡೆಸುತ್ತಾರೆ. ಈ ಪಾಠ ಪಡೆದ 605 ಮಕ್ಕಳನ್ನು ಪಡೆಯದ 423 ಮಕ್ಕಳೊಂದಿಗೆ ಹೋಲಿಸಿದ ವರದಿ 2010ರಲ್ಲಿ ಪ್ರಕಟವಾಯಿತು. ಆತ್ಮಗೌರವ, ಕಷ್ಟ ನಿಭಾಯಿಸುವ ಶಕ್ತಿ, ಶಿಕ್ಷಕರೊಂದಿಗಿನ ಹೊಂದಾಣಿಕೆಯಲ್ಲಿ ಮೊದಲ ಗುಂಪು ಮುಂದಿತ್ತು. ಮಾನಸಿಕ ತೊಂದರೆಗಳಲ್ಲಿ, ಮನೆಯವರೊಂದಿಗಿನ ಹೊಂದಾಣಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಶಾಲೆಯ ಪಾಠ ಎಲ್ಲಿಯವರೆಗೆ ತಲುಪುತ್ತದೆ, ಎಲ್ಲಿಂದ ಮುಂದೆ ಮನೆ ಮತ್ತು ಚಿಕಿತ್ಸೆ ಬೇಕು ಎಂಬುದನ್ನು ಈ ಫಲಿತಾಂಶವೇ ತೋರಿಸುತ್ತದೆ.

ಇಂತಹ ತರಗತಿಯಲ್ಲಿ ಅಭ್ಯಾಸ ಮಾಡಿಸುವುದು ಸಣ್ಣ ಸಣ್ಣ ಸನ್ನಿವೇಶಗಳನ್ನು. ‘ಒಂದು ದಮ್ ಹೊಡಿ ಮಗಾ, ಏನಾಗಲ್ಲ’ ಎಂದು ಸೀನಿಯರ್ ಹೇಳಿದಾಗ ಭಾಷಣ ಬಿಗಿಯದೆ, ಜಗಳವಾಡದೆ, ಸ್ನೇಹ ಕಳೆದುಕೊಳ್ಳದೆ ಜಾರಿಕೊಳ್ಳುವುದು ಹೇಗೆ? ‘ನಂಗೆ ಬೇಡ ಮಚ್ಚಾ, ನಾಳೆ ಇಂಟರ್ನಲ್ಸ್ ಇದೆ’ ಎಂಬ ಒಂದು ಸಾಲನ್ನೂ ಮೊದಲೇ ಬಾಯಲ್ಲಿ ಆಡಿ ನೋಡಿದ್ದರೆ ಆ ಹೊತ್ತಿಗೆ ಸಲೀಸಾಗಿ ಬರುತ್ತದೆ. ಈಜನ್ನು ದಡದಲ್ಲಿ ನಿಂತು ವಿವರಿಸಿದರೆ ಬಾರದು, ನೀರಿಗಿಳಿದೇ ಕಲಿಯಬೇಕು ಎಂಬ ತರ್ಕ ಇಲ್ಲಿಯದು.

ವಯಸ್ಸಿಗೆ ತಕ್ಕ ಹಂತಗಳೂ ಬೇಕು. ಐದು–ಆರನೇ ತರಗತಿಯವರಿಗೆ ಗಾಂಜಾದ ವಿವರಕ್ಕಿಂತ, ಅಪರಿಚಿತರು ಕೊಟ್ಟ ಚಾಕೊಲೇಟ್ ತಿನ್ನದಿರುವುದು, ಬೇಸರವಾದಾಗ ಯಾರಿಗೆ ಹೇಳುವುದು ಎಂಬುದು ಮುಖ್ಯ. ಎಂಟರಿಂದ ಹತ್ತರವರೆಗೆ ಸಿಗರೇಟು, ಮದ್ಯ, ಗಾಂಜಾ ಮೂರನ್ನೂ ಒಟ್ಟಿಗೆ ಎತ್ತಿಕೊಳ್ಳಬೇಕು. ಪಿಯು, ಪದವಿಯವರಿಗೆ ಟಿಎಚ್‌ಸಿ ತೀವ್ರತೆ, ಮನೋರೋಗದ ಅಪಾಯ, ಕಾನೂನು, ಅಮಲೇರಿದ ಸ್ನೇಹಿತನನ್ನು ಹೇಗೆ ನೋಡಿಕೊಳ್ಳುವುದು ಎಂಬ ಎಲ್ಲವನ್ನೂ ತೆರೆದು ಹೇಳಬಹುದು.

ದಕ್ಷಿಣ ಬೆಂಗಳೂರಿನ ನೆರವಿನ ಜಾಲ

ನಿಮ್ಹಾನ್ಸ್‌ನಲ್ಲಿ ವ್ಯಸನಮುಕ್ತಿ ಘಟಕ 1991ರಲ್ಲಿ ಆರಂಭವಾಯಿತು. ಅದೇ ಇಂದಿನ ವ್ಯಸನ ಚಿಕಿತ್ಸಾ ಕೇಂದ್ರ. ವ್ಯಸನ ಚಿಕಿತ್ಸೆಯಲ್ಲಿ ಹೆಸರಾದ ಪ್ರತಿಮಾ ಮೂರ್ತಿ 2021ರಲ್ಲಿ ಸಂಸ್ಥೆಯ ನಿರ್ದೇಶಕರಾದರು. ಹೊರರೋಗಿ, ಒಳರೋಗಿ ಚಿಕಿತ್ಸೆಯ ಜತೆಗೆ ದೂರದ ಊರುಗಳ ವೈದ್ಯರಿಗೆ ವಿಡಿಯೊ ಮೂಲಕ ತರಬೇತಿ ಕೊಡುವ ಜಾಲವನ್ನೂ ಕೇಂದ್ರ ನಡೆಸುತ್ತದೆ.

‘ಹುಚ್ಚಾಸ್ಪತ್ರೆ’ ಎಂಬ ಹಳೆಯ ಹೆಸರಿಗೆ ಅಂಜಿ ಹೊಸೂರು ರಸ್ತೆಯ ಗೇಟು ದಾಟದವರಿಗೆ ಬಿಟಿಎಂ ಲೇಔಟ್ ಮೊದಲ ಹಂತದ ನಿಮ್ಹಾನ್ಸ್ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇನ್ನೊಂದು ಬಾಗಿಲು. ಬಡಾವಣೆಯ ಮನೆಗಳ ನಡುವೆ ಇರುವ ಈ ಕೇಂದ್ರದಲ್ಲಿ ಆಪ್ತ ಸಮಾಲೋಚನೆ ನಡೆಯುತ್ತದೆ. ಮೊಬೈಲ್ ಗೀಳಿಗೆ ನೆರವಾಗುವ ‘ಶಟ್’ ಕ್ಲಿನಿಕ್ ಶುರುವಾದದ್ದೂ ಇಲ್ಲೇ. ಬನ್ನೇರುಘಟ್ಟ ರಸ್ತೆಯ ಅರಕೆರೆಯಲ್ಲಿ ನಿಮ್ಹಾನ್ಸ್‌ನ ನಿವೃತ್ತ ಪ್ರಾಧ್ಯಾಪಕ ಸಿ.ಆರ್. ಚಂದ್ರಶೇಖರ್ ನಡೆಸಿಕೊಂಡು ಬಂದ ‘ಸಮಾಧಾನ’ ಆಪ್ತ ಸಲಹಾ ಕೇಂದ್ರ ಕನ್ನಡದಲ್ಲೇ ಉಚಿತ ಸಲಹೆ ಕೊಡುತ್ತದೆ. ಮನಸ್ಸಿನ ಕಾಯಿಲೆ, ಚಟಗಳ ಬಗ್ಗೆ ಕನ್ನಡದಲ್ಲಿ ಸರಳ ಪುಸ್ತಕಗಳನ್ನು ಬರೆದು ಮನೆಮನೆಗೆ ಮುಟ್ಟಿಸಿದವರಲ್ಲಿ ಅವರು ಪ್ರಮುಖರು.

ಸರ್ಕಾರದ ಯೋಜನೆಗಳೂ ಇವೆ. ಯುವ ಸಬಲೀಕರಣ ಇಲಾಖೆ ಮತ್ತು ನಿಮ್ಹಾನ್ಸ್‌ನ ‘ಯುವ ಸ್ಪಂದನ’ ತರಬೇತಿ ಪಡೆದ ಯುವ ಪರಿವರ್ತಕರ ಮೂಲಕ 15ರಿಂದ 35 ವರ್ಷದವರಿಗೆ ಮಾರ್ಗದರ್ಶನ ಕೊಡುತ್ತದೆ. ಓರಗೆಯವರ ಮಾತಿಗೆ ಕಿವಿಗೊಡುವ ವಯಸ್ಸಿಗೆ ಒಪ್ಪುವ ವಿಧಾನ ಇದು. ಸರ್ಕಾರಿ ಆಸ್ಪತ್ರೆಗಳ ‘ಸ್ನೇಹ’ ಕ್ಲಿನಿಕ್‌ಗಳು ಹದಿಹರೆಯದವರಿಗೇ ಮೀಸಲು. 2020ರ ಶಾಲಾ ಆರೋಗ್ಯ ಮತ್ತು ಸ್ವಾಸ್ಥ್ಯ ಕಾರ್ಯಕ್ರಮ ಪ್ರತಿ ಸರ್ಕಾರಿ ಶಾಲೆಯ ಇಬ್ಬರು ಶಿಕ್ಷಕರನ್ನು ಆರೋಗ್ಯ ರಾಯಭಾರಿಗಳನ್ನಾಗಿಸಿ, ಅವರ ಹನ್ನೊಂದು ವಿಷಯಗಳಲ್ಲಿ ಮಾದಕ ವಸ್ತು ತಡೆಯನ್ನೂ ಸೇರಿಸಿದೆ. ತಂಬಾಕು ಕೊಳ್ಳುವ ಕನಿಷ್ಠ ವಯಸ್ಸನ್ನು 21ಕ್ಕೆ ಏರಿಸಿ, ಹುಕ್ಕಾ ಬಾರ್ ನಿಷೇಧಿಸಿದ ಕರ್ನಾಟಕದ ತಿದ್ದುಪಡಿ ಕಾಯ್ದೆ 2025ರಲ್ಲಿ ಜಾರಿಗೆ ಬಂತು. ಸಿಗರೇಟಿನಿಂದ ಗಾಂಜಾಕ್ಕೆ ದಾಟುವವರೂ ಇರುವುದರಿಂದ ಈ ಕಾಯ್ದೆಗೂ ಗಾಂಜಾ ತಡೆಗೂ ನೇರ ಸಂಬಂಧವಿದೆ.

ಮನೆ, ಪಿಜಿ, ಚಿಕಿತ್ಸೆ

ಮಗ ಸೇದುತ್ತಾನೆಂದು ತಿಳಿದಾಗ ಮನೆಗಳಲ್ಲಿ ಮೊದಲು ನಡೆಯುವುದು ಹೊಡೆತ, ಬೈಗುಳ, ಆಣೆ ಹಾಕಿಸುವುದು, ಇಲ್ಲವೇ ಹಠಾತ್ತನೆ ಊರಿಗೆ ಕಳುಹಿಸುವುದು. ಮಗಳಾದರೆ ಮುಚ್ಚಿಡುವುದು ಇನ್ನೂ ಹೆಚ್ಚು. ಅಮಲಿಳಿದ ಮೇಲೆ ಕೂತು ಮಾತಾಡಿ, ಯಾವಾಗ, ಯಾರೊಂದಿಗೆ, ಯಾವ ಬೇಸರಕ್ಕೆ ಶುರುವಾಯಿತೆಂದು ಕೇಳುವುದು ಚಿಕಿತ್ಸೆಗೆ ದಾರಿ ಮಾಡುತ್ತದೆ ಎಂಬುದು ಆಪ್ತ ಸಮಾಲೋಚಕರ ಅನುಭವ. ಕೆಂಗಣ್ಣು, ರೋಲಿಂಗ್ ಪೇಪರ್, ದುಡ್ಡಿನ ಲೆಕ್ಕ ತಪ್ಪುವುದು ಸುಳಿವುಗಳಿರಬಹುದು. ನಿದ್ದೆಗೆಡುವುದು, ಸ್ನೇಹಿತರನ್ನು ಬಿಡುವುದು, ಅಂಕ ಕುಸಿಯುವುದು ಖಿನ್ನತೆಯ ಲಕ್ಷಣವೂ ಆಗಿರಬಹುದು. ಹಲವರಲ್ಲಿ ಎರಡೂ ಜತೆಗೇ ಇರುತ್ತವೆ.

ಪಿಜಿಯಲ್ಲಿ ತಂದೆತಾಯಿ ಇಲ್ಲ, ರೂಮ್‌ಮೇಟ್ ಇದ್ದಾನೆ. ಅವನಿಗೆ ಕಲಿಸಬೇಕಾದದ್ದು ಪ್ರಥಮ ಚಿಕಿತ್ಸೆ: ಗಾಬರಿಗೊಂಡವರನ್ನು ಶಾಂತ ಜಾಗದಲ್ಲಿ ಕೂರಿಸಿ, ಒಬ್ಬರೇ ಇರಲು ಬಿಡದೆ, ಬೈಕ್ ಕೀ ತೆಗೆದಿಟ್ಟುಕೊಳ್ಳುವುದು, ಎದೆನೋವು, ಪ್ರಜ್ಞೆ ತಪ್ಪುವುದು, ಇಲ್ಲದ್ದು ಕಾಣುವುದು, ಸಾಯುವ ಮಾತು ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯುವುದು, ಏನು ಸೇದಿದ್ದರೆಂದು ವೈದ್ಯರಿಗೆ ನಿಜ ಹೇಳುವುದು.

ಗಾಂಜಾ ಅವಲಂಬನೆಗೆಂದೇ ಅನುಮತಿ ಪಡೆದ ಔಷಧ ಇನ್ನೂ ಇಲ್ಲ. ನಿದ್ದೆ, ಆತಂಕಕ್ಕೆ ಕೆಲವು ದಿನ ಮಾತ್ರೆ ಕೊಡಬಹುದು. ಮುಖ್ಯ ಚಿಕಿತ್ಸೆ ಮಾತಿನದು. ಬಿಡುವ ಮನಸ್ಸನ್ನು ರೋಗಿಯೊಳಗಿನಿಂದಲೇ ಹೊರತರುವ ಪ್ರೇರಣಾ ಸಂದರ್ಶನ, ಸೇದಬೇಕೆನಿಸುವ ಸಂದರ್ಭಗಳನ್ನು ಗುರುತಿಸಿ ಬದಲಿ ದಾರಿ ಕಲಿಸುವ ವರ್ತನಾ ಚಿಕಿತ್ಸೆ, ಮನೆಯವರೊಂದಿಗೆ ಮಾತುಕತೆ ಇದರ ಭಾಗಗಳು. ಇನ್ನೂ ಚಟ ಹತ್ತದವರಿಗೆ ಹತ್ತು–ಹದಿನೈದು ನಿಮಿಷದ ಒಂದು ಸಮಾಲೋಚನೆಯೂ ನೆರವಾಗಬಹುದು.

ಮೊದಲ ಹೆಜ್ಜೆ ಫೋನಿನಲ್ಲೇ ಇಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ, ನಿಮ್ಹಾನ್ಸ್ ಮುಂದಾಳತ್ವದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416, ಕನ್ನಡದಲ್ಲೂ ಮಾತಾಡಬಹುದು. ವ್ಯಸನಮುಕ್ತಿಗೆ ಕೇಂದ್ರ ಸರ್ಕಾರದ ಸಹಾಯವಾಣಿ 14446, ಮಕ್ಕಳ ಸಹಾಯವಾಣಿ 1098. ಮಾರಾಟದ ಬಗ್ಗೆ ದೂರು ಕೊಡಲು 2024ರಲ್ಲಿ ಬಂದ 1933 ಇದೆ. ಮೊದಲ ಮೂರು ನೆರವಿಗೆ, ಕೊನೆಯದು ಮಾದಕ ವಸ್ತು ನಿಯಂತ್ರಣ ದಳಕ್ಕೆ ಸೇರಿದ್ದು. ಶಾಲೆ–ಕಾಲೇಜುಗಳ ಸೂಚನಾ ಫಲಕದಲ್ಲಿ ಈ ನಾಲ್ಕನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರೆ, ಚಿಕಿತ್ಸೆ ಬಯಸುವ ವಿದ್ಯಾರ್ಥಿ ಪೊಲೀಸರಿಗೆ ಸುದ್ದಿ ಹೋಗಬಹುದೆಂದು ಹೆದರಿ ಯಾವುದಕ್ಕೂ ಕರೆ ಮಾಡದೆ ಇರಬಹುದು. ನೆರವಿನ ಸಂಖ್ಯೆಗಳನ್ನು ಬೇರೆಯಾಗಿ, ಮಾತು ಗೋಪ್ಯವಾಗಿರುತ್ತದೆ ಎಂಬ ಸಾಲಿನೊಂದಿಗೆ ಬರೆಯಬೇಕಾದದ್ದು ಅದಕ್ಕೇ.